ಮೊದಲು ಪೈಪು, ಆಮೇಲೆ ಪ್ಯಾನೆಲ್ಲು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು. ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಹರಡಿಕೊಂಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿ ಸಾಮರ್ಥ್ಯಕ್ಕೆ ಬಂತು. ಇಷ್ಟು ದೊಡ್ಡ ಪಾರ್ಕು ವರ್ಷಕ್ಕೆ ಉಳಿಸುವ ಇಂಗಾಲದ ಡೈಆಕ್ಸೈಡ್ ಲಕ್ಷಗಟ್ಟಲೆ ಟನ್ ದಾಟುತ್ತದೆ. ಹಾಗಾದರೆ ಪಾವಗಡ ಪಟ್ಟಣದ ಹಸಿರುಮನೆ ಅನಿಲದ ಲೆಕ್ಕದಲ್ಲಿ ಈ ಪಾರ್ಕಿನಿಂದ ಎಷ್ಟು ಕಡಿಮೆಯಾಯಿತು?

ಸೊನ್ನೆ.

ನಗರಗಳ ಇಂಗಾಲದ ಲೆಕ್ಕ ಹಾಕಲು ಜಗತ್ತು ಒಪ್ಪಿಕೊಂಡಿರುವ ನಿಯಮಾವಳಿಯೊಂದಿದೆ. ಡಬ್ಲ್ಯುಆರ್‌ಐ, ಸಿ40 ಮತ್ತು ಐಸಿಎಲ್‌ಇಐ ಎಂಬ ಸಂಸ್ಥೆಗಳು ಸೇರಿ 2014ರಲ್ಲಿ ಹೊರತಂದ ಅದನ್ನು ಚುಟುಕಾಗಿ ಜಿಪಿಸಿ ಎನ್ನುತ್ತಾರೆ. ಅದರ ಪ್ರಕಾರ ಪಾರ್ಕಿನ ವಿದ್ಯುತ್ತು ಪಾವಗಡದ್ದಲ್ಲ, ಗ್ರಿಡ್‌ನದು. ತಿರುಮಣಿಯ ಫಲಕದಿಂದ ಹೊರಟ ಕರೆಂಟು ಪ್ರಸರಣ ಜಾಲಕ್ಕೆ ಸೇರಿ ಎಲ್ಲೆಲ್ಲಿಗೋ ಹೋಗುತ್ತದೆ. ಪಾವಗಡದ ಬೀದಿದೀಪವೂ ಅದೇ ಜಾಲದಿಂದ ಕರೆಂಟು ಎಳೆದುಕೊಳ್ಳುತ್ತದೆ. ಆ ಜಾಲದಲ್ಲಿ ರಾಯಚೂರಿನ ಕಲ್ಲಿದ್ದಲೂ ಇದೆ, ಶರಾವತಿಯ ನೀರೂ ಇದೆ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಫಲಕದ ಪಕ್ಕದಲ್ಲೇ ಮನೆಯಿದ್ದರೂ ಅಷ್ಟೇ, ಕೊರಟಗೆರೆಯ ಪೇಟೆಬೀದಿಯಲ್ಲಿದ್ದರೂ ಅಷ್ಟೇ. ಪಾರ್ಕಿನ ಪುಣ್ಯವನ್ನು ದೇಶವೂ ಎಸ್ಕಾಂಗಳೂ ಪಾವಗಡವೂ ಬೇರೆಬೇರೆಯಾಗಿ ಬರೆದುಕೊಂಡರೆ ಒಂದೇ ಟನ್ನು ಮೂರು ಕಡೆ ಜಮೆಯಾಗುತ್ತದೆ. ಅದನ್ನು ತಡೆಯಲೆಂದೇ ಈ ನಿಯಮ.

ಇದರಿಂದ ಪಾವಗಡದವರಿಗೆ ಬೇಸರವಾಗಬಹುದು. ನನ್ನ ಪ್ರಕಾರ ಇದು ಒಳ್ಳೆಯದೇ. ಪಕ್ಕದಲ್ಲಿ ಸೋಲಾರ್ ಪಾರ್ಕ್ ಇದೆ ಎಂದು ಕೈಕಟ್ಟಿ ಕೂರದೆ, ಪುರಸಭೆಯ ಕೈಯಳತೆಯಲ್ಲಿ ಏನಿದೆ ಎಂದು ನೋಡಲು ಇದು ದಾರಿ ಮಾಡಿಕೊಡುತ್ತದೆ.

ಸಣ್ಣ ಊರಿಗೆ ಇದೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಬೆಂಗಳೂರಿನ ಬಿಬಿಎಂಪಿ 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾಯೋಜನೆ ಪ್ರಕಟಿಸಿತು. ಏಳು ವಲಯ, 269 ಕ್ರಮ, 2050ಕ್ಕೆ ನಿವ್ವಳ ಶೂನ್ಯದ ಗುರಿ. ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಅಷ್ಟು ಸಿಬ್ಬಂದಿಯೂ ಇಲ್ಲ, ಅಷ್ಟು ಕಾಗದವೂ ಬೇಡ. 2011ರ ಜನಗಣತಿಯಲ್ಲಿ ಶಿರಾ ಸುಮಾರು 57 ಸಾವಿರ, ಮಧುಗಿರಿ 29 ಸಾವಿರ, ಪಾವಗಡ 28 ಸಾವಿರ, ಕೊರಟಗೆರೆ 15 ಸಾವಿರ ಜನರ ಊರು. ಮೊದಲನೆಯದು ನಗರಸಭೆ, ಕೊನೆಯದು ಪಟ್ಟಣ ಪಂಚಾಯಿತಿ, ನಡುವಿನ ಎರಡು ಪುರಸಭೆ. ಇವುಗಳಿಗೆ ಇಂಗಾಲದ ಲೆಕ್ಕದಲ್ಲಿ ಆಸಕ್ತಿ ಹುಟ್ಟಬೇಕಾದರೆ ಕಾರಣ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿಲ್ಲ, ಬೆಸ್ಕಾಂ ಬಿಲ್ಲಿನಲ್ಲಿದೆ. ಸ್ಥಳೀಯ ಸಂಸ್ಥೆಗಳ ಖರ್ಚಿನಲ್ಲಿ ನೀರೆತ್ತುವ ಮತ್ತು ಬೀದಿದೀಪದ ಕರೆಂಟಿನದು ಸಣ್ಣ ಬಾಬತ್ತಲ್ಲ.

ಗೆರೆ ಎಲ್ಲಿ ಎಳೆಯುವುದು

ಹವಾಮಾನ ಕ್ರಿಯಾಯೋಜನೆಯ ಮೊದಲ ಕೆಲಸ ಗಡಿ ಗುರುತಿಸುವುದು. ಸಾಮಾನ್ಯವಾಗಿ ಪುರಸಭೆಯ ಗಡಿಯೇ ಲೆಕ್ಕದ ಗಡಿ. ಅದರೊಳಗಿನ ಹೊಗೆಯನ್ನು ಮೂರು ಬಗೆಯಾಗಿ ಬರೆಯುತ್ತಾರೆ. ಊರೊಳಗೇ ಸುಟ್ಟದ್ದು ಮೊದಲನೆಯದು: ಹೋಟೆಲಿನ ಗ್ಯಾಸು, ಆಟೋದ ಪೆಟ್ರೋಲು, ಜನರೇಟರಿನ ಡೀಸೆಲ್ಲು. ಹೊರಗಿಂದ ತಂದ ಕರೆಂಟು ಎರಡನೆಯದು. ಊರಿನ ಚಟುವಟಿಕೆಯಿಂದಲೇ ಆಗಿ, ಹೊಗೆ ಮಾತ್ರ ಗಡಿಯಾಚೆ ಬಿಡುವಂಥದ್ದು ಮೂರನೆಯದು. ಊರಾಚೆಯ ಗುಡ್ಡೆಗೆ ಸಾಗಿಸಿದ ಕಸ ಇದಕ್ಕೆ ಉದಾಹರಣೆ. ಕಸ ಕೊಳೆಯುವುದು ಪಕ್ಕದ ಪಂಚಾಯಿತಿಯಲ್ಲಾದರೂ ಲೆಕ್ಕ ನಮ್ಮದೇ. ಇದರಲ್ಲಿ ಜಾಣತನಕ್ಕೆ ಅವಕಾಶವಿಲ್ಲ.

ಶಿರಾದ ಲೆಕ್ಕ ಬರೆಯುವವರು ಒಂದು ಕಡೆ ಎಡವುವ ಅಪಾಯವಿದೆ. ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿ 48 ಶಿರಾ ಬಳಿಯೇ ಹೋಗುತ್ತದೆ. ಹೆದ್ದಾರಿ ಬದಿಯ ಬಂಕುಗಳಲ್ಲಿ ಮಾರಾಟವಾದ ಡೀಸೆಲ್ಲನ್ನೆಲ್ಲ ಕೂಡಿಸಿ ಪ್ರತಿ ಲೀಟರಿಗೆ 2.7 ಕೆ.ಜಿ.ಯಂತೆ ಗುಣಿಸಿದರೆ ಶಿರಾ ದೊಡ್ಡ ಪಾಪಿಯಾಗಿ ಕಾಣುತ್ತದೆ. ಆ ಡೀಸೆಲ್ಲು ಹಿರಿಯೂರು, ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗುವ ಲಾರಿಯದು. ಅದನ್ನು ತಗ್ಗಿಸಲು ನಗರಸಭೆಗೆ ಯಾವ ಅಧಿಕಾರವೂ ಇಲ್ಲ. ಹಾಗಾಗಿ ಶಿರಾದಂಥ ಊರಿನಲ್ಲಿ ಬಂಕಿನ ಮಾರಾಟ ಬಿಟ್ಟು, ಊರಲ್ಲಿ ನೋಂದಣಿಯಾದ ವಾಹನ ಎಷ್ಟು, ಅವು ದಿನಕ್ಕೆ ಎಷ್ಟು ಓಡುತ್ತವೆ ಎಂಬ ಸಮೀಕ್ಷೆಯ ದಾರಿ ಹಿಡಿಯುವುದು ಮೇಲು. ಕೊರಟಗೆರೆಯಲ್ಲಿ ಬಂಕಿನ ಲೆಕ್ಕವೇ ಸಾಕಾಗಬಹುದು.

ಆಧಾರ ವರ್ಷದ ಆಯ್ಕೆಯೂ ಹಾಗೆಯೇ. ಮುಂದೆ ಎಷ್ಟು ಇಳಿಸಿದೆವು ಎಂದು ಹೇಳಲು ಯಾವುದೋ ಒಂದು ವರ್ಷವನ್ನು ಆರಂಭವಾಗಿ ಇಟ್ಟುಕೊಳ್ಳಬೇಕು. ಕೊರೊನಾದ 2020-21 ಬೇಡ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ 2023 ಕೂಡ ಈ ಸೀಮೆಗೆ ತಕ್ಕ ವರ್ಷವಲ್ಲ. ಬರದಲ್ಲಿ ಅಂತರ್ಜಲ ಕೆಳಗಿಳಿದು ಮೋಟಾರು ಹೆಚ್ಚು ಓಡುತ್ತದೆ, ಟ್ಯಾಂಕರ್ ತಿರುಗುತ್ತವೆ. ಅಂಥ ವರ್ಷವನ್ನು ಆಧಾರವಾಗಿಟ್ಟರೆ ಮರುವರ್ಷ ಒಂದು ಒಳ್ಳೆ ಮಳೆ ಬಿದ್ದ ಕೂಡಲೇ ಏನೂ ಮಾಡದೆಯೇ ಇಂಗಾಲ ಇಳಿದಂತೆ ಕಾಣುತ್ತದೆ. ಮೂರು ವರ್ಷದ ಸರಾಸರಿ ಹಿಡಿಯುವುದು ಕ್ಷೇಮ.

ಇನ್ನು ಅಂಕಿಅಂಶ. ಇದಕ್ಕೆ ದೊಡ್ಡ ಸಲಹಾ ಸಂಸ್ಥೆ ಬೇಕಿಲ್ಲ. ಬೆಸ್ಕಾಂ ಉಪವಿಭಾಗದಲ್ಲಿ ಗೃಹಬಳಕೆ, ವಾಣಿಜ್ಯ, ಬೀದಿದೀಪ, ಕುಡಿಯುವ ನೀರು ಎಂದು ಬಾಬತ್ತುವಾರು ಬಳಕೆ ಸಿಗುತ್ತದೆ. ಗ್ಯಾಸ್ ಏಜೆನ್ಸಿಯಲ್ಲಿ ಸಿಲಿಂಡರ್ ಲೆಕ್ಕ ಇರುತ್ತದೆ, 14.2 ಕೆ.ಜಿ.ಯ ಒಂದು ಸಿಲಿಂಡರ್ ಉರಿದರೆ 42 ಕೆ.ಜಿ. ಇಂಗಾಲದ ಡೈಆಕ್ಸೈಡ್. ಪುರಸಭೆಯ ಹೆಸರಿನಲ್ಲಿರುವ ವಿದ್ಯುತ್ ಸಂಪರ್ಕಗಳ ಆರ್‌ಆರ್ ನಂಬರುಗಳ ಪಟ್ಟಿ ತೆಗೆಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಕೊಳವೆಬಾವಿ ಬತ್ತಿ ವರ್ಷಗಳಾದರೂ ಕನಿಷ್ಠ ಶುಲ್ಕ ಕಟ್ಟುತ್ತಿರುವ ಆರ್‌ಆರ್ ನಂಬರ್ ಒಂದೆರಡು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಒಂದು ಸಾವಿರ ಲೀಟರ್ ನೀರು

ಈ ನಾಲ್ಕೂ ಊರಿನ ಇಂಗಾಲದ ಕಥೆಗೆ ನೀರೇ ಕೀಲಿಕೈ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಒಂದು ಸಾವಿರ ಲೀಟರ್ ನೀರನ್ನು 500 ಅಡಿ ಮೇಲೆತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು ಸುಮಾರು 0.4 ಯೂನಿಟ್. ಆದರೆ ಯಾವ ಪಂಪೂ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ. ಹಲವು ಸಲ ರಿವೈಂಡಿಂಗ್ ಕಂಡ ಮೋಟಾರು, ಸವೆದ ಇಂಪೆಲ್ಲರ್, ತುಕ್ಕು ಹಿಡಿದ ಕಾಲಂ ಪೈಪು, ಎದ್ದುಬೀಳುವ ವೋಲ್ಟೇಜು ಎಲ್ಲ ಸೇರಿ ದಕ್ಷತೆ ಶೇ 40ಕ್ಕೆ ಇಳಿದಿದೆ ಎನ್ನೋಣ. ಆಗ ಸಾವಿರ ಲೀಟರಿಗೆ ಒಂದು ಯೂನಿಟ್ ಬೇಕು. ಅಂದರೆ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಮುಂದೆ ಚುಟುಕಾಗಿ ಇಂಗಾಲ. ಸಾವಿರ ಅಡಿಯಿಂದ ಎತ್ತಿದರೆ ಇದರ ಎರಡರಷ್ಟು. ಅಂತರ್ಜಲ ಇಳಿದಂತೆ ಅದೇ ಕೊಡ ನೀರಿನ ಇಂಗಾಲ ಏರುತ್ತಾ ಹೋಗುತ್ತದೆ. ಮಲೆನಾಡಿನ ಪಟ್ಟಣಕ್ಕೆ ಈ ಬಾಧೆ ಇಲ್ಲ.

30 ಸಾವಿರ ಜನರ ಪಟ್ಟಣವೊಂದು ತಲೆಗೆ ನೂರು ಲೀಟರಿನಂತೆ ದಿನಕ್ಕೆ 30 ಲಕ್ಷ ಲೀಟರ್ ಎತ್ತುತ್ತದೆ ಎಂದುಕೊಳ್ಳಿ. ಇದು ಯಾವುದೇ ಊರಿನ ದಾಖಲೆಯ ಅಂಕಿಯಲ್ಲ, ಲೆಕ್ಕದ ದಾರಿ ತೋರಿಸಲು ಹಿಡಿದ ಅಂದಾಜು. ದಿನಕ್ಕೆ 3,000 ಯೂನಿಟ್, ವರ್ಷಕ್ಕೆ ಸುಮಾರು 11 ಲಕ್ಷ ಯೂನಿಟ್, 770 ಟನ್ ಇಂಗಾಲ. ಯೂನಿಟ್‌ಗೆ 5 ರೂಪಾಯಿ ಹಿಡಿದರೂ 55 ಲಕ್ಷ ರೂಪಾಯಿ ಬಿಲ್ಲು. ಎತ್ತಿದ್ದರಲ್ಲಿ ಶೇ 30ರಷ್ಟು ನೀರು ಒಡೆದ ಪೈಪಿನಲ್ಲಿ, ತುಂಬಿ ಹರಿಯುವ ಓವರ್‌ಹೆಡ್ ಟ್ಯಾಂಕಿನಲ್ಲಿ, ನಲ್ಲಿ ಮುಚ್ಚಳವೇ ಇಲ್ಲದ ಬೀದಿಯಲ್ಲಿ ಪೋಲಾಗುತ್ತಿದೆ ಎನ್ನೋಣ. ಆ ನೀರಿಗೂ ಕರೆಂಟು ಸುಟ್ಟಾಗಿದೆ.

ಈಗ ಪುರಸಭೆಯ ಮುಂದೆ ಮೂರು ಪ್ರಸ್ತಾವ ಬಂದಿವೆ: ಸೋರಿಕೆ ತಡೆ, ಹೊಸ ಪಂಪು, ಪಂಪ್‌ಹೌಸಿಗೆ ಸೋಲಾರ್. ಫೋಟೊಗೆ ಒಪ್ಪುವುದು ಮೂರನೆಯದು. ಶಾಸಕರಿಂದ ಉದ್ಘಾಟನೆ ಮಾಡಿಸಬಹುದು, ಫಲಕಕ್ಕೆ ಹೆಸರು ಬರೆಸಬಹುದು. ನೆಲದಡಿಯ ಪೈಪಿನ ಜಾಯಿಂಟಿಗೆ ಯಾರೂ ಟೇಪು ಕತ್ತರಿಸುವುದಿಲ್ಲ. ಆದರೆ ಲೆಕ್ಕ ಬೇರೆ ಹೇಳುತ್ತದೆ.

ದಿನಕ್ಕೆ 3,000 ಯೂನಿಟ್ ಬೇಕೆಂದು ಮೊದಲು ಸೋಲಾರ್ ಹಾಕಿದರೆ, ಒಂದು ಕಿಲೋವಾಟ್ ದಿನಕ್ಕೆ 4 ಯೂನಿಟ್ ಕೊಡುತ್ತದೆಂದು ಹಿಡಿದು, 750 ಕಿಲೋವಾಟ್ ಬೇಕು. ಅದರ ಬದಲು ಮೊದಲು ಸೋರಿಕೆಯನ್ನು ಶೇ 15ಕ್ಕೆ ಇಳಿಸಿ, ಆಮೇಲೆ ಶೇ 60 ದಕ್ಷತೆಯ ಪಂಪು ಕೂರಿಸಿದರೆ ಅಷ್ಟೇ ನೀರು ಮನೆ ಮುಟ್ಟಲು 1,650 ಯೂನಿಟ್ ಸಾಕು. ಸೋಲಾರ್ 410 ಕಿಲೋವಾಟ್‌ನ ಆಸುಪಾಸಿಗೆ ಇಳಿಯುತ್ತದೆ. ಕಿಲೋವಾಟ್‌ಗೆ 50 ಸಾವಿರ ರೂಪಾಯಿ ಎಂದರೆ, ಕೇವಲ ಸರದಿ ಬದಲಿಸಿದ್ದಕ್ಕೆ ಸೋಲಾರಿನಲ್ಲೇ ಒಂದೂವರೆ ಕೋಟಿಗೂ ಹೆಚ್ಚು ಉಳಿತಾಯ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೋರಿಕೆ ತಡೆಯೊಂದೇ ಮಾಡಿದರೆ ದಿನಕ್ಕೆ 530 ಯೂನಿಟ್ ಉಳಿತಾಯ, ಪಂಪು ಬದಲಾವಣೆಯೊಂದೇ ಆದರೆ ಸುಮಾರು 1,000. ಎರಡನ್ನೂ ಮಾಡಿದಾಗ 1,530 ಉಳಿಯುತ್ತದೆ ಎಂದು ಕೂಡಿಸಿ ಬರೆಯುವ ಹಾಗಿಲ್ಲ. ಸೋರಿಕೆ ನಿಂತ ಮೇಲೆ ಪಂಪಿಗೆ ಎತ್ತಲು ಇರುವ ನೀರೇ ಕಡಿಮೆ. ಹಾಗಾಗಿ ನಿಜವಾದ ಉಳಿತಾಯ 1,350ರ ಆಸುಪಾಸು. ದೊಡ್ಡ ದೊಡ್ಡ ನಗರಗಳ ವರದಿಗಳಲ್ಲೂ ಪ್ರತಿ ಕ್ರಮದ ಟನ್ನನ್ನು ಹಾಗೆಯೇ ಕೂಡಿಸಿ ಗುರಿ ಮುಟ್ಟಿದೆವು ಎಂದು ತೋರಿಸುವ ಚಾಳಿ ಇದೆ. ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಯಾವುದು ಮೊದಲು, ಯಾವುದು ಆಮೇಲೆ?

ಪಾವಗಡದ್ದು ಇದಕ್ಕೂ ಒಂದು ಸುತ್ತು ಹೆಚ್ಚು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಎತ್ತಿದ ನೀರನ್ನು ಮತ್ತೆ ಆರ್‌ಒ ಘಟಕದಲ್ಲಿ ಶುದ್ಧ ಮಾಡಬೇಕು, ಅದಕ್ಕೆ ಕರೆಂಟು, ಜೊತೆಗೆ ಒಂದು ಪಾಲು ನೀರು ತ್ಯಾಜ್ಯವಾಗಿ ಚರಂಡಿಗೆ. ತುಂಗಭದ್ರಾ ಹಿನ್ನೀರಿನಿಂದ ತಾಲ್ಲೂಕಿಗೆ ಕುಡಿಯುವ ನೀರು ತರುವ ಯೋಜನೆ ಫ್ಲೋರೈಡ್ ಸಂಕಟಕ್ಕೆ ಉತ್ತರ, ಸರಿ. ಆದರೆ ಅಷ್ಟು ದೂರದಿಂದ ಪಂಪು ಮಾಡಿ ತಂದ ನೀರು ಊರಿನ ಹಳೇ ಪೈಪಿನಲ್ಲಿ ಸೋರಿದರೆ ಪ್ರತಿ ಲೀಟರಿನ ಹಿಂದಿನ ಕರೆಂಟೂ ಸೋರಿದಂತೆ. ಹೇಮಾವತಿ ನೀರನ್ನು ನೆಚ್ಚಿರುವ ಶಿರಾಕ್ಕೂ ಇದೇ ಮಾತು.

ಕಸ, ಗುಂಡಿ, ದೀಪ

ನೀರಿನಿಂದ ದುಡ್ಡು ಉಳಿಯುತ್ತದೆ. ಟನ್ನು ಹೆಚ್ಚು ಉಳಿಯುವುದು ಹಸಿ ಕಸದಲ್ಲಿ.

ಗುಡ್ಡೆ ಹಾಕಿದ ಹಸಿ ಕಸ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಬಿಸಿಯೇರಿಸುವ ಅನಿಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸೂತ್ರ ಬಳಸಿದರೆ, ಹೆಚ್ಚು ಆಳವಿಲ್ಲದ ತೆರೆದ ಗುಡ್ಡೆಗೆ ಸುರಿದ ಒಂದು ಟನ್ ಆಹಾರ ತ್ಯಾಜ್ಯ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 560 ಕೆ.ಜಿ. ಇಂಗಾಲಕ್ಕೆ ಸಮನಾದ ಮೀಥೇನ್ ಬಿಡುತ್ತದೆ. ಅದನ್ನೇ ಗೊಬ್ಬರ ಮಾಡಿದರೆ 180 ಕೆ.ಜಿ. ಆಸುಪಾಸು. 30 ಸಾವಿರ ಜನರ ಊರಲ್ಲಿ ತಲೆಗೆ 300 ಗ್ರಾಂನಂತೆ ದಿನಕ್ಕೆ 9 ಟನ್ ಕಸ, ಅದರಲ್ಲಿ ಅರ್ಧ ಹಸಿ ಎಂದು ಹಿಡಿದರೆ ವರ್ಷಕ್ಕೆ 600 ಟನ್ನಿಗೂ ಹೆಚ್ಚು ಉಳಿತಾಯ. ನೀರಿನ ಎರಡೂ ಕೆಲಸ ಸೇರಿ ಉಳಿಸಿದ್ದು 345 ಟನ್ನು. ಒಂದು ಎಚ್ಚರಿಕೆ: ಕಾಂಪೋಸ್ಟ್ ಗುಂಡಿಯನ್ನು ತಿರುವಿ ಹಾಕದೆ ಬಿಟ್ಟರೆ ಅದೂ ಗುಡ್ಡೆಯೇ, ಮೀಥೇನ್ ಕೂಡ ಅಷ್ಟೇ. ಘಟಕ ಕಟ್ಟಲು ಅನುದಾನ ಸಿಗುತ್ತದೆ, ದಿನಾ ತಿರುವಿ ಹಾಕುವ ಕೈಗೆ ಸಂಬಳ ಸಿಗುವುದೇ ಕಷ್ಟ. ನೀರಿನ ಬಿಲ್ಲಿನಲ್ಲಿ ಉಳಿದ ದುಡ್ಡನ್ನು ಇಲ್ಲಿಗೆ ತಿರುಗಿಸಬೇಕು ಎಂಬುದು ನನ್ನ ವಾದ. ಹಣ ಉಳಿಯುವ ಬಾಬತ್ತಿಗೂ ಇಂಗಾಲ ಉಳಿಯುವ ಬಾಬತ್ತಿಗೂ ನಂಟು ಹಾಕದಿದ್ದರೆ ಯೋಜನೆ ಎರಡನೇ ವರ್ಷಕ್ಕೆ ನಿಲ್ಲುತ್ತದೆ.

ಲೆಕ್ಕ ಬರೆಯುತ್ತಾ ಹೋದರೆ ಅಚ್ಚರಿಯೊಂದು ಎದುರಾಗುತ್ತದೆ, ಅದು ಸೆಪ್ಟಿಕ್ ಟ್ಯಾಂಕ್. ಒಳಚರಂಡಿ ಇಲ್ಲದ ಮನೆಗಳ ಟ್ಯಾಂಕಿನಲ್ಲೂ ಮೀಥೇನ್ ಹುಟ್ಟುತ್ತದೆ. ಐಪಿಸಿಸಿ ಅಂಕಿಗಳಂತೆ ಒಬ್ಬರಿಂದ ವರ್ಷಕ್ಕೆ ನೂರು ಕೆ.ಜಿ. ಇಂಗಾಲಕ್ಕೆ ಸಮ. ಊರಿನ ಅರ್ಧ ಜನ ಇದನ್ನೇ ನೆಚ್ಚಿದ್ದರೆ 1,500 ಟನ್, ನೀರೆತ್ತುವ ಒಟ್ಟು ಇಂಗಾಲದ ಎರಡರಷ್ಟು. ಹಾಗೆಂದು ಅದೇ ಮೊದಲ ಆದ್ಯತೆಯೇ? ಅಲ್ಲ. ಒಳಚರಂಡಿಗೆ ಕೋಟಿಗಟ್ಟಲೆ ಬೇಕು, ಅದನ್ನು ಪುರಸಭೆ ಒಂದೇ ಮಾಡುವುದಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ದೊಡ್ಡದು ಬೇರೆ, ಮೊದಲು ಮಾಡಬೇಕಾದದ್ದು ಬೇರೆ. ಈ ಮಧ್ಯೆ ಮಾಡಬಹುದಾದದ್ದಕ್ಕೆ ನಮ್ಮ ರಾಜ್ಯದಲ್ಲೇ ಮಾದರಿ ಇದೆ. ದೇವನಹಳ್ಳಿಯಲ್ಲಿ 2015ರಲ್ಲಿ ಮಲಕೆಸರು ಸಂಸ್ಕರಣಾ ಘಟಕ ಶುರುವಾಯಿತು. ಸಕ್ಕಿಂಗ್ ಲಾರಿ ಎಳೆದು ತಂದ ಕೆಸರು ಅಲ್ಲಿ ಗೊಬ್ಬರವಾಗುತ್ತದೆ. ನಾಲ್ಕು ಪಟ್ಟಣಗಳಲ್ಲಿ ಟ್ಯಾಂಕನ್ನು ತುಂಬಿ ಹರಿಯುವವರೆಗೆ ಬಿಡದೆ ಎರಡು-ಮೂರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಖಾಲಿ ಮಾಡಿಸುವ ಸರದಿ ಇಟ್ಟರೆ ಅಂತರ್ಜಲಕ್ಕೂ ಒಳಿತು.

ಬೀದಿದೀಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಹಳೇ ಸೋಡಿಯಂ ದೀಪದ ಬದಲು ಎಲ್‌ಇಡಿ ಹಾಕಿದರೆ ವರ್ಷಕ್ಕೆ 300 ಕೆ.ಜಿ. ಇಂಗಾಲ ಉಳಿಯುತ್ತದೆ. ಬಹುತೇಕ ಕಡೆ ಆಗಿದೆ, ಉಳಿದ ಕಡೆ ಆಗಲಿ. ಹಗಲಲ್ಲೂ ಉರಿಯುವ ಎಲ್‌ಇಡಿಗೆ ಟೈಮರ್ ಹಾಕಿಸುವುದು ಯಾವ ಕ್ರಿಯಾಯೋಜನೆಗೂ ಕಾಯಬೇಕಾದ ಕೆಲಸವಲ್ಲ.

ಕಸದ ಆಟೋ ಟಿಪ್ಪರನ್ನು ಎಲೆಕ್ಟ್ರಿಕ್ ಮಾಡಿದರೆ? ದಿನಕ್ಕೆ 5 ಲೀಟರ್ ಡೀಸೆಲ್ ಕುಡಿಯುವ ಟಿಪ್ಪರ್ ವರ್ಷಕ್ಕೆ 4 ಟನ್ನಿಗೂ ಹೆಚ್ಚು ಇಂಗಾಲ ಬಿಡುತ್ತದೆ. ಎಲೆಕ್ಟ್ರಿಕ್ ಆದರೂ ಗ್ರಿಡ್‌ನ ಕರೆಂಟಿನಲ್ಲಿ ಕಲ್ಲಿದ್ದಲು ಇದ್ದೇ ಇದೆ, ಹಾಗಾಗಿ ಉಳಿಯುವುದು ಒಂದೂವರೆ ಟನ್ನಿನಷ್ಟು. ಹಳೆಯದು ಕೆಟ್ಟು ಹೊಸದು ಕೊಳ್ಳುವಾಗ ಎಲೆಕ್ಟ್ರಿಕ್ ಕೊಳ್ಳಿ. ಓಡುತ್ತಿರುವುದನ್ನು ಮಾರಿ ಕೊಳ್ಳುವ ಅವಸರ ಬೇಡ.

ಜನರ ಓಡಾಟದ ಮಾತು ಬಂದರೆ, ತುಮಕೂರು-ರಾಯದುರ್ಗ ಮತ್ತು ತುಮಕೂರು-ದಾವಣಗೆರೆ ರೈಲು ಮಾರ್ಗಗಳ ಕಾಮಗಾರಿ ಈ ತಾಲ್ಲೂಕುಗಳ ಮೂಲಕವೇ ಸಾಗುತ್ತಿದೆ. ಆಗುವವರೆಗೆ ಬಸ್ಸೇ ಗತಿ. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾಗಿದೆ. ಬಸ್ ನಿಲ್ದಾಣದಿಂದ ಕಾಲೇಜು, ಆಸ್ಪತ್ರೆ, ಸಂತೆ ಮೈದಾನದವರೆಗೆ ನಡೆಯಲು ನೆರಳಿರುವ ಫುಟ್‌ಪಾತ್ ಮಾಡಿದರೆ ಆಟೋ, ಬೈಕಿನ ಸಣ್ಣ ಓಡಾಟ ಕಡಿಮೆಯಾಗುತ್ತದೆ. ಪುರಸಭೆಯ ಕೈಯಲ್ಲಿರುವುದು ಇಷ್ಟೇ.

ನೆರಳು ಅಂದಮೇಲೆ ಗಿಡ. ಪ್ರತಿ ಜೂನ್ 5ಕ್ಕೆ ಗಿಡ ನೆಟ್ಟು ಇಂಗಾಲ ಹೀರಿಸುತ್ತೇವೆ ಎನ್ನುವ ಭಾಷಣ ಕೇಳಿದ್ದೇವೆ. ಬೆಳೆದ ಮರವೊಂದು ವರ್ಷಕ್ಕೆ 10ರಿಂದ 20 ಕೆ.ಜಿ. ಹೀರಿಕೊಂಡರೆ ಹೆಚ್ಚು. ಸಾವಿರ ಗಿಡ ಬದುಕಿ ಮರವಾದರೆ 20 ಟನ್ನು, ಪಂಪು ಬದಲಿಸಿದ್ದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಹಾಗಂತ ಮರ ಬೇಡವೆಂದಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಹಗಲೆಲ್ಲ ಕಾದು ಸಂಜೆ ಕಾವು ಬಿಡುವ ಊರಲ್ಲಿ ಹೊಂಗೆ, ಬೇವು, ಹುಣಸೆಯ ನೆರಳು ಜೀವ ಉಳಿಸುವ ಸಂಗತಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರದ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ಮರಗಳನ್ನು ಟನ್ನಿನ ಲೆಕ್ಕದಲ್ಲಿ ತೂಗುವುದೇ ತಪ್ಪು. ಮರವನ್ನು ಸೆಕೆ ತಡೆಯುವ ಬಾಬತ್ತಿನಲ್ಲಿ ಬರೆಯಿರಿ, ಇಂಗಾಲದ ಬಾಬತ್ತಿನಲ್ಲಿ ಬೇಡ.

ಯಾವುದು ಮೊದಲು

ಕ್ರಮಗಳ ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದಕ್ಕೂ ಅಂಕ ಕೊಟ್ಟು ಸಾಲು ಹಚ್ಚುವುದು ರೂಢಿ. ಎಷ್ಟು ಟನ್, ಎಷ್ಟು ಖರ್ಚು, ಎಷ್ಟು ಕಾಲ, ಜನರಿಗೆ ಬೇರೇನು ಲಾಭ ಎಂಬುದಕ್ಕೆಲ್ಲ ಅಂಕ. ಇದರಲ್ಲಿ ಮೋಸಕ್ಕೆ ಜಾಗವಿದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಪಟ್ಟಿ ನೋಡುವ ಮೊದಲೇ ಸಭೆಯಲ್ಲಿ ನಿರ್ಧರಿಸಿ ನಡಾವಳಿಯಲ್ಲಿ ಬರೆಯಬೇಕು. ಪಟ್ಟಿ ನೋಡಿದ ಮೇಲೆ ತೂಕ ಹಾಕಿದರೆ ತಮಗೆ ಬೇಕಾದ ಕಾಮಗಾರಿಯೇ ಮೇಲೆ ಬರುವಂತೆ ಮಾಡುವುದು ಕಷ್ಟವೇನಲ್ಲ.

ಅಂಕಕ್ಕೂ ಮೊದಲು ಒಂದು ಜರಡಿ ಹಿಡಿಯಬೇಕು: ಇದು ನಮ್ಮ ಕೈಯಲ್ಲಿದೆಯೇ? ಪಂಪು, ಪೈಪು, ಕಸ, ದೀಪ ಪುರಸಭೆಯದು. ಮನೆಯ ಫ್ಯಾನು, ಗ್ಯಾಸು ಜನರದು, ಮನವೊಲಿಸಬಹುದು ಅಷ್ಟೆ. ಹೆದ್ದಾರಿ, ಗ್ರಿಡ್ ಮೇಲಿನವರದು, ಮನವಿ ಕೊಡಬಹುದು. ಕೈಯಲ್ಲಿರುವುದನ್ನು ಮಾಡಿ ತೋರಿಸಿದ ಮೇಲೆ ಉಳಿದೆರಡರ ಮಾತಿಗೆ ತೂಕ ಬರುತ್ತದೆ.

ಆಮೇಲೆ ಟನ್ನಿಗೆಷ್ಟು ಖರ್ಚು ಎಂಬ ಲೆಕ್ಕ. ಪಂಪು ಬದಲಾವಣೆಗೆ 30 ಲಕ್ಷ, ಹತ್ತು ವರ್ಷ ಬಾಳಿಕೆ ಎಂದರೆ ವರ್ಷಕ್ಕೆ 3 ಲಕ್ಷ ಖರ್ಚು. ಕರೆಂಟಿನಲ್ಲಿ ಉಳಿಯುವುದು ವರ್ಷಕ್ಕೆ ಹದಿನೆಂಟೂಕಾಲು ಲಕ್ಷ. ಉಳಿಯುವ ಇಂಗಾಲ 255 ಟನ್. ಅಂದರೆ ಟನ್ನಿಗೆ ಸುಮಾರು ಮೈನಸ್ 6,000 ರೂಪಾಯಿ. ಇಂಗಾಲ ಇಳಿಸಿದ್ದಕ್ಕೆ ಎದುರು ದುಡ್ಡು ಬಂದಂತೆ. ಹೀಗೆ ಮೈನಸ್ ಬರುವ ಕೆಲಸಗಳನ್ನು ಮೊದಲು ಮುಗಿಸಿ, ಆ ಉಳಿತಾಯದಿಂದ ಖರ್ಚಿನ ಕೆಲಸಗಳಿಗೆ ಕೈಹಾಕುವುದು ಕ್ರಮ.

ಮನೆಯ ಮಾಳಿಗೆಯ ಸೋಲಾರ್ ಇಲ್ಲಿ ಒಂದು ಒಗಟು. ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ಇತ್ತ 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ, ಮನೆಯ ಸರಾಸರಿ ಬಳಕೆಗೆ ತಕ್ಕ ಮಿತಿಯೊಳಗೆ, ಗರಿಷ್ಠ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ತಿಂಗಳಿಗೆ 70-80 ಯೂನಿಟ್ ಬಳಸುವ ಮನೆಯವರಿಗೆ ಸಾಲ ಮಾಡಿ ಫಲಕ ಹಾಕಿಸಲು ಕಾರಣವೇ ಇಲ್ಲ, ಅವರನ್ನು ದೂರಿ ಫಲವೂ ಇಲ್ಲ. ಹಾಗಾಗಿ ಈ ಊರುಗಳಲ್ಲಿ ಮಾಳಿಗೆ ಸೋಲಾರನ್ನು ಮನೆಯಿಂದಲ್ಲ, ಬಿಲ್ಲು ಕಟ್ಟುವ ಕಡೆಯಿಂದ ಶುರು ಮಾಡಬೇಕು: ಲಾಡ್ಜು, ಕಲ್ಯಾಣ ಮಂಟಪ, ಖಾಸಗಿ ಶಾಲೆ, ಅಕ್ಕಿ ಗಿರಣಿ, ಕಡಲೆಕಾಯಿ ಎಣ್ಣೆ ಗಾಣ.

ಜರಡಿಯಲ್ಲಿ ಇನ್ನೊಂದು ಪ್ರಶ್ನೆಯೂ ಇರಬೇಕು: ಯಾರಿಗೆ ಲಾಭ, ಯಾರಿಗೆ ಏಟು? ಪಾವಗಡದ ಪಾರ್ಕಿಗೆ ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋಲುತ್ತಿದ್ದ ಜಮೀನುದಾರರಿಗೆ ಇದು ಆಸರೆಯಾಯಿತು. ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಹಣವಿಲ್ಲ, ಕೆಲಸವೂ ಹೋಯಿತು. ಕುರಿಗಾಹಿಗಳ ಬಯಲಿಗೆ ಬೇಲಿ ಬಿತ್ತು. ಪಟ್ಟಣದ ಯೋಜನೆಯಲ್ಲಿ ಇದರ ಪ್ರತಿರೂಪ ಕಸ ಆಯುವವರು. ಒಣ ಕಸದ ಘಟಕ ಗುತ್ತಿಗೆದಾರನ ಪಾಲಾದರೆ ಅವರ ಅನ್ನ ಹೋಗುತ್ತದೆ. ಅವರನ್ನೇ ಘಟಕದ ಕೆಲಸಕ್ಕೆ ತೆಗೆದುಕೊಳ್ಳುವ ಷರತ್ತು ಟೆಂಡರಿನಲ್ಲೇ ಇರಬೇಕು.

ಪಟ್ಟಣದ ಗಡಿ ದಾಟಿದರೆ ಲೆಕ್ಕ ತಲೆಕೆಳಗಾಗುತ್ತದೆ. 5 ಎಚ್‌ಪಿಯ ಒಂದು ನೀರಾವರಿ ಪಂಪ್‌ಸೆಟ್ ದಿನಕ್ಕೆ ಏಳು ಗಂಟೆ, ವರ್ಷಕ್ಕೆ 200 ದಿನ ಓಡಿದರೆ ನಾಲ್ಕೂವರೆ ಟನ್ ಇಂಗಾಲ, ನೂರಕ್ಕೂ ಹೆಚ್ಚು ಗ್ಯಾಸ್ ಸಿಲಿಂಡರಿಗೆ ಸಮ. 45 ಕೆ.ಜಿ.ಯ ಒಂದು ಚೀಲ ಯೂರಿಯಾ ಹೊಲಕ್ಕೆ ಬಿದ್ದರೆ ನೈಟ್ರಸ್ ಆಕ್ಸೈಡ್ ಸೇರಿ 120 ಕೆ.ಜಿ. ಒಂದು ಕುರಿ ವರ್ಷಕ್ಕೆ ಮೆಲುಕು ಹಾಕುವುದರಲ್ಲೇ 140 ಕೆ.ಜಿ. ಇವು ಪುರಸಭೆಯ ಜರಡಿಯಲ್ಲಿ ಬರುವುದಿಲ್ಲ. ಇವಕ್ಕೆ ತಾಲ್ಲೂಕು ಮಟ್ಟದಲ್ಲಿ ಬೇರೆ ಪಟ್ಟಿ ಬೇಕು, ಅಲ್ಲಿ ಪಂಚಾಯಿತಿಗಳು ಕೂರಬೇಕು. ಪಂಚಾಯಿತಿಯಿಂದ ಇದೆಲ್ಲ ಆಗದು ಎನ್ನುವವರು ವಯನಾಡಿನ ಮೀನಂಗಾಡಿಯನ್ನು ನೋಡಬಹುದು. 2016ರಲ್ಲಿ ಕಾರ್ಬನ್ ಸಮತೋಲನದ ಗುರಿ ಇಟ್ಟುಕೊಂಡ ಆ ಗ್ರಾಮ ಪಂಚಾಯಿತಿ ಮೊದಲು ಮಾಡಿದ್ದು ತನ್ನ ಊರಿನ ಲೆಕ್ಕವನ್ನೇ. ರೈತರು ಮರ ಕಡಿಯದಂತೆ ಮರದ ಮೇಲೆ ಬಡ್ಡಿರಹಿತ ಸಾಲ ಕೊಡುವ ಯೋಜನೆ ಹುಟ್ಟಿದ್ದು ಆಮೇಲೆ. ಅದು ಕಾಫಿ ತೋಟದ, ಮಳೆಯ ಊರು. ನಮ್ಮ ಬಯಲುಸೀಮೆಗೆ ಆ ಯೋಜನೆಯನ್ನು ಎತ್ತಿ ತಂದರೆ ನಡೆಯದು, ಮೊದಲು ಲೆಕ್ಕ, ಆಮೇಲೆ ಯೋಜನೆ ಎಂಬ ಆ ವರಸೆ ತರಬಹುದು.

ನಾಲ್ಕು ಊರು ನಾಲ್ಕು ಯೋಜನೆ ಬರೆಯಬೇಕಿಲ್ಲ. ಮಧುಗಿರಿ ಉಪವಿಭಾಗಕ್ಕೆ ಒಬ್ಬ ವಿದ್ಯುತ್ ಇಂಜಿನಿಯರ್, ಒಂದು ಜೊತೆ ಹರಿವು ಅಳೆಯುವ ಉಪಕರಣ ಸಾಕು. ವಾರಕ್ಕೊಂದು ಊರಿನಂತೆ ಪಂಪ್‌ಹೌಸುಗಳನ್ನು ಪರೀಕ್ಷಿಸಬಹುದು. ಪಂಪುಗಳ ಟೆಂಡರನ್ನು ಒಟ್ಟಿಗೆ ಕರೆದರೆ ದರವೂ ಇಳಿಯುತ್ತದೆ. ಅಮೃತ್ 2.0, ಸ್ವಚ್ಛ ಭಾರತ್ 2.0, ಹಣಕಾಸು ಆಯೋಗದ ಅನುದಾನಗಳಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಿಟ್ಟ ಹಣವಿದೆ. ಹವಾಮಾನದ ಹೆಸರಿನಲ್ಲಿ ಹೊಸ ಹಣ ಹುಡುಕುವ ಮೊದಲು ಅದನ್ನು ಈ ಸರದಿಯಲ್ಲಿ ಖರ್ಚು ಮಾಡಿದರೆ ಸಾಕು.

ಪ್ರಗತಿ ಅಳೆಯಲು ನೂರು ಸೂಚ್ಯಂಕ ಬೇಡ, ಒಂದು ಸಾಕು: ಮನೆ ಮುಟ್ಟಿದ ಪ್ರತಿ ಸಾವಿರ ಲೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತು. ತಿಂಗಳ ಸಾಮಾನ್ಯ ಸಭೆಯಲ್ಲಿ ಜಮಾಖರ್ಚಿನ ಜೊತೆಗೇ ಇದನ್ನೂ ಓದಿ ಹೇಳಬೇಕು. ಇದಕ್ಕೆ ಪ್ರತಿ ಓವರ್‌ಹೆಡ್ ಟ್ಯಾಂಕಿನ ಹೊರಹರಿವಿಗೂ ಪ್ರತಿ ಕೊಳವೆಬಾವಿಗೂ ಬಲ್ಕ್ ಮೀಟರ್ ಬೇಕು. ಮುಂದಿನ ಬಜೆಟ್ಟಿನಲ್ಲಿ ಬೇರೇನೂ ಸೇರಿಸಲಾಗದಿದ್ದರೂ ಈ ಮೀಟರಿಗೆ ಒಂದು ಬಾಬತ್ತು ತೆರೆಯಬಹುದು. ಅಳತೆ ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ದಾಟಲಿ. ಪಂಪಿನ ಟೆಂಡರ್ ಅದಾದ ಮೇಲೆ, ಸೋಲಾರಿನ ಟೆಂಡರ್ ಪಂಪು ಕೂತು ಮೂರು ತಿಂಗಳ ಬಿಲ್ಲು ಬಂದ ಮೇಲೆ.